ಗುಟ್ಟು ಕೇಳುವ ಪೆಂಗ್ವಿನ್

ಮೊಬೈಲಿಗೆ ಆ್ಯಪ್ ಹಾಕಿಕೊಳ್ಳುವುದು ಸುಲಭ. ಎರಡನೇ ವಾರವೂ ಅದನ್ನು ತೆರೆಯುವವರು ಎಷ್ಟು ಮಂದಿ? ಮನಸ್ಸಿನ ಆರೋಗ್ಯಕ್ಕೆಂದೇ ತಯಾರಾದ 93 ಆ್ಯಪ್‌ಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಸಾಧಾರಣ ಆ್ಯಪೊಂದನ್ನು ನೂರು ಮಂದಿ ಹಾಕಿಕೊಂಡರೆ ಹದಿನೈದು ದಿನದ ಮೇಲೆ ಉಳಿಯುತ್ತಿದ್ದವರು ಸುಮಾರು ನಾಲ್ವರು! ತಿಂಗಳಾಗುವಷ್ಟರಲ್ಲಿ ಮೂವರು.

ಇದು ನಗುವ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಪರೀಕ್ಷೆಯ ಭಯದಲ್ಲಿರುವ ಹುಡುಗನ ಮುಂದೆ ಉದ್ದನೆಯ ಪ್ರಶ್ನಾವಳಿ ಇಟ್ಟು, ಕೊನೆಗೆ ‘ಚೆನ್ನಾಗಿ ನಿದ್ದೆ ಮಾಡಿ’ ಎಂದು ಉಪದೇಶ ಮಾಡಿದರೆ ಆತ ಮತ್ತೆ ಅತ್ತ ತಲೆ ಹಾಕುವುದುಂಟೆ?

ಬೆಂಗಳೂರಿನ ಜೋ ಅಗರ್‌ವಾಲ್ ಮತ್ತು ಅವರ ಪತಿ ರಮಾಕಾಂತ್ ವೆಂಪಟಿ ಈ ಪಾಠ ಕಲಿತದ್ದು ಅನುಭವದಿಂದ. ಅವರ ಟಚ್‌ಕಿನ್ ಸಂಸ್ಥೆ ಮೊದಲು ಹೊರಟದ್ದು ದೂರದಲ್ಲಿರುವ ವೃದ್ಧರ ಯೋಗಕ್ಷೇಮ ನೋಡಲು. ಆಮೇಲೆ ಮೊಬೈಲಿನ ಬಳಕೆ, ಓಡಾಟ ಇತ್ಯಾದಿಗಳಿಂದಲೇ ಖಿನ್ನತೆಯನ್ನು ಪತ್ತೆ ಹಚ್ಚುವ ಪ್ರಯತ್ನ ನಡೆಯಿತು. ಪತ್ತೆಯೇನೋ ಆಗುತ್ತಿತ್ತು. ಆದರೆ ‘ನಿಮಗೆ ಖಿನ್ನತೆಯಿದೆ’ ಎಂದು ತಿಳಿಸಿದ ಮೇಲೆ ಚಿಕಿತ್ಸೆಗೆ ಹೋದವರು ಬೆರಳೆಣಿಕೆಯಷ್ಟು ಮಾತ್ರ. ಕಾಯಿಲೆಯ ಹೆಸರು ಹೇಳಿಬಿಟ್ಟರೆ ಯಾರೂ ಡಾಕ್ಟರ ಬಾಗಿಲು ತಟ್ಟುವುದಿಲ್ಲ ಎಂಬುದು ಮನೆಯ ಹಿರಿಯರಿಗೆ ಗೊತ್ತಿರುವ ಸತ್ಯವೇ. ತಂತ್ರಜ್ಞರಿಗೆ ಅದು ಹೊಸದು.

ಆಗ ಅವರು ದಾರಿ ಬದಲಿಸಿದರು. ಹುಟ್ಟಿದ್ದು ‘ವೈಸಾ’ ಎಂಬ ಪುಟ್ಟ ಪೆಂಗ್ವಿನ್. ಅದು ತಪಾಸಣೆ ಮಾಡುವುದಿಲ್ಲ, ಹರಟುತ್ತದೆ. ಹೆಸರು, ಫೋನ್ ನಂಬರು ಕೇಳುವುದಿಲ್ಲ. ಒಂದು ಅಡ್ಡಹೆಸರು ಸಾಕು. ‘ಈ ಸಲ ಫೇಲಾಗುವುದು ಖಂಡಿತ’ ಎಂದು ಬರೆದರೆ ಅದು ಧೈರ್ಯದ ಭಾಷಣ ಬಿಗಿಯುವುದಿಲ್ಲ. ಹಾಗೆಂದುಕೊಳ್ಳಲು ಆಧಾರವೇನು, ಬೇರೆ ರೀತಿ ಯೋಚಿಸಬಹುದೇ ಎಂದು ಮೆಲ್ಲಗೆ ವಿಚಾರಿಸುತ್ತದೆ. ಆಲೋಚನೆಯ ಜಾಡನ್ನು ಬದಲಿಸುವ ಈ ಕ್ರಮ ಮನಶ್ಶಾಸ್ತ್ರಜ್ಞರು ದಶಕಗಳಿಂದ ಬಳಸುತ್ತ ಬಂದದ್ದೇ. ಅದನ್ನು ಚಿಕ್ಕ ಚಿಕ್ಕ ತುತ್ತು ಮಾಡಿ, ರಾತ್ರಿ ಎರಡು ಗಂಟೆಗೂ ಸಿಗುವಂತೆ ಮಾಡಿದ್ದು ಹೊಸತು.

ಫಲ ಸಿಕ್ಕಿತೆ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 129 ಬಳಕೆದಾರರಿದ್ದರು. ಹೆಚ್ಚು ಬಳಸಿದ 108 ಮಂದಿಯ ಮನಸ್ಥಿತಿ, ಕಡಿಮೆ ಬಳಸಿದ 21 ಮಂದಿಯದಕ್ಕಿಂತ ಚೆನ್ನಾಗಿ ಸುಧಾರಿಸಿತ್ತು. ಆದರೆ ಲೇಖಕರಲ್ಲಿ ಸಂಸ್ಥೆಯವರೂ ಇದ್ದರೆಂಬುದನ್ನು ಮರೆಯುವಂತಿಲ್ಲ. ಸುಧಾರಿಸಿದವರೇ ಹೆಚ್ಚು ಬಳಸಿದರೋ, ಬಳಸಿದ್ದರಿಂದ ಸುಧಾರಿಸಿದರೋ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಇನ್ನೊಂದು ತೊಡಕಿದೆ. ಆಟದ ಆ್ಯಪ್‌ಗಳಂತೆ ದಿನಕ್ಕೊಂದು ಅಂಕ, ಬಹುಮಾನ ಕೊಟ್ಟು ಕಟ್ಟಿಹಾಕಿದರೆ ಬಳಕೆ ಏರಬಹುದು, ನೆಮ್ಮದಿ ಏರಬೇಕೆಂದಿಲ್ಲ. ಒಂದು ದಿನ ತಪ್ಪಿದ್ದಕ್ಕೆ ಮರುಗುವ ಹುಡುಗಿಗೆ ಅದು ಇನ್ನೊಂದು ಹೋಂವರ್ಕ್ ಆದೀತು. ಚೇತರಿಸಿಕೊಂಡು ಆ್ಯಪನ್ನೇ ಮರೆತವಳು ಲೆಕ್ಕದಲ್ಲಿ ‘ಬಿಟ್ಟುಹೋದವಳು’. ನಿಜಕ್ಕೂ ಗೆದ್ದವಳು ಅವಳೇ ಅಲ್ಲವೆ?

ಅಪ್ಪ ಅಮ್ಮಂದಿರಿಗೂ ಇಲ್ಲಿ ಪಾತ್ರವಿದೆ, ಮುಖ್ಯವಾಗಿ ಇಣುಕದಿರುವ ಪಾತ್ರ. ‘ಏನು ಬರೆದಿದ್ದೀಯ, ತೋರಿಸು’ ಎಂದ ದಿನವೇ ಮಗ ಆ್ಯಪನ್ನು ಅಳಿಸಿಹಾಕುತ್ತಾನೆ. ಬರೆದದ್ದು ಎಲ್ಲಿ ಸಂಗ್ರಹವಾಗುತ್ತದೆ, ಯಾರಿಗೆ ಕಾಣುತ್ತದೆ ಎಂಬ ನಿಯಮಗಳನ್ನು ಮಾತ್ರ ಮೊದಲೇ ಇಬ್ಬರೂ ಕೂತು ಓದಿಕೊಳ್ಳಬೇಕು.

ಯಂತ್ರವನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲಿನ ಪ್ರಯೋಗದಿಂದ 2017ರಲ್ಲಿ ಹೆಸರು ಮಾಡಿದ ‘ವೋಬಾಟ್’ 2025ರ ಜೂನ್ 30ರಂದು ತನ್ನ ಆ್ಯಪನ್ನು ಮುಚ್ಚಿತು. ಮಗುವಿನ ಮಾತಿನಲ್ಲಿ ಸಾವಿನ ಸುಳಿವು ಕಂಡರೆ ಆ್ಯಪ್ ಪಕ್ಕಕ್ಕಿಟ್ಟು ಮನುಷ್ಯರನ್ನು ಹುಡುಕಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆ 14416.