ಬೇರಿನ ಗಂಟು ರೋಗವೇ?

ಪ್ರಶ್ನೆ: ಅಲಸಂದೆ ಗಿಡವನ್ನು ಕಿತ್ತಾಗ ಬೇರಿನ ತುಂಬ ಸಣ್ಣ ಗಂಟುಗಳು ಕಂಡವು. ಔಷಧಿ ಹೊಡೆಯಬೇಕೇ?

ಉತ್ತರ: ಔಷಧಿಗೆ ಕೈಹಾಕುವ ಮುನ್ನ ಒಂದು ಗಂಟನ್ನು ಬೆರಳಿನಿಂದ ಮೆಲ್ಲನೆ ತಳ್ಳಿ ನೋಡಿರಿ. ಬೇರಿನ ಪಾರ್ಶ್ವಕ್ಕೆ ಅಂಟಿಕೊಂಡಂತಿದ್ದು ಸುಲಭವಾಗಿ ಕಳಚಿ, ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ತೋರಿತಾದರೆ, ಅದು ರೋಗವಲ್ಲ, ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳ ನಿವಾಸ. ಬೇರೇ ಉಬ್ಬಿ, ಗಂಟು ಕಳಚದೆ ಇದ್ದರೆ ಮಾತ್ರ ಜಂತುಹುಳುವಿನ ಬಾಧೆಯನ್ನು ಶಂಕಿಸತಕ್ಕದ್ದು.

ವಾಯುಮಂಡಲದಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಸಸ್ಯವು ಅದನ್ನು ನೇರವಾಗಿ ಉಣ್ಣಲಾರದಾದುದರಿಂದ, ಈ ಜೀವಿಗಳು ಅದನ್ನು ಅಮೋನಿಯವಾಗಿ ಪರಿವರ್ತಿಸಿ ಗಿಡಕ್ಕೆ ಒಪ್ಪಿಸುತ್ತವೆ. ಪ್ರತಿಯಾಗಿ ಗಿಡವು ಎಲೆಯಲ್ಲಿ ಸಿದ್ಧವಾದ ಶರ್ಕರವನ್ನು ಅವಕ್ಕೆ ಈಯುತ್ತದೆ. ಈ ಪರಿವರ್ತನೆಯನ್ನು ನಡೆಸುವ ಕಿಣ್ವಕ್ಕೆ ಆಮ್ಲಜನಕವು ಮಾರಕವಾದ್ದರಿಂದ, ಅದನ್ನು ಮಿತಿಯಲ್ಲಿಡಲೆಂದೇ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಸಮಾನಗೋತ್ರದ ಆ ಕೆಂಪು ದ್ರವ್ಯವು ಅಲ್ಲಿ ನೆಲಸಿದೆ. ಎಂತಹ ವಿಸ್ಮಯಕರವಾದ ಏರ್ಪಾಡು! ಹಾಲೆಂಡಿನ ಬೈಯರಿಂಕ್ ಮಹಾಶಯರು ಈ ಜೀವಿಯನ್ನು ಪ್ರತ್ಯೇಕಿಸಿ ಬೆಳೆಸಿದ್ದು 1888ರಲ್ಲಿ. ನಮ್ಮ ರೈತರಾದರೋ ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತ ಬಂದದ್ದು ಅದಕ್ಕೂ ಬಹುಪೂರ್ವದಿಂದ. ಗಂಟಿಲ್ಲದ ರಾಗಿಯ ಬೇರನ್ನೂ ಮೈಕೊರೈಜಾ ಎಂಬ ಶಿಲೀಂಧ್ರವು ಕೂಡಿಕೊಂಡು, ಬೇರು ಮುಟ್ಟಲಾರದೆಡೆಯ ರಂಜಕವನ್ನು ತನ್ನ ಎಳೆಗಳಿಂದ ತಂದೀಯುತ್ತದೆ.

ಮುಂದಿನ ಬಾರಿ ಅಲಸಂದೆಗೆ ಒಪ್ಪುವ ರೈಜೋಬಿಯಂ ಪುಡಿಯನ್ನು ತಣಿದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿಯೇ ಆರಿಸಿ, ಅಂದೇ ಬಿತ್ತಿರಿ. ಯೂರಿಯವನ್ನು ಮಾತ್ರ ಧಾರಾಳವಾಗಿ ಸುರಿಯಬೇಡಿರಿ. ಸಾರಜನಕವು ಅನಾಯಾಸವಾಗಿ ದೊರೆತಲ್ಲಿ ಗಿಡವು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.