ಎಣ್ಣೆ–ನೀರಿನ ಗಡಿಯಲ್ಲಿ ದುಡಿಯುವ ಕಿಣ್ವಗಳು



ಕಡಿದ ಕಬ್ಬು ಎರಡು-ಮೂರು ದಿನ ಹೊಲದಲ್ಲೇ ಬಿದ್ದಿದ್ದರೆ ತೂಕ ಇಳಿಯುವುದು ನಿಮಗೆ ಗೊತ್ತೇ ಇದೆ. ತೂಕದೊಡನೆ ಸಕ್ಕರೆಯೂ ಇಳಿಯುತ್ತದೆ. ಕಬ್ಬಿನಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ಹರಳುಗಟ್ಟದೆ ಕಾಕಂಬಿಯ ಪಾಲಾಗುತ್ತವೆ. ಒಲೆಯಿಲ್ಲದೆ, ಆಮ್ಲವಿಲ್ಲದೆ ನಡೆಯುವ ಈ ಕೆಲಸ ನಮಗೆ ನಷ್ಟ. ಆದರೆ ಇಂಥ ಶಕ್ತಿಯನ್ನೇ ಇಂದು ಕೈಗಾರಿಕೆಗಳು ಲಾಭಕ್ಕೆ ದುಡಿಸಿಕೊಳ್ಳುತ್ತಿವೆ.

ಎಮಲ್ಷನ್ ಏಕೆ ಬೇಕು?

ಹತ್ತಿಗೆ ಹೊಡೆಯುವ ‘ಎಣ್ಣೆ’ಯನ್ನು ನೀರಿಗೆ ಸುರಿದೊಡನೆ ಅದು ಹಾಲಿನಂತೆ ಬಿಳುಪಾಗುವುದನ್ನು ಕೋಸಗಿ, ಆದವಾನಿ ಕಡೆಯ ರೈತರೆಲ್ಲ ನೋಡಿದ್ದೀರಿ. ಅದೇ ಎಮಲ್ಷನ್: ನೀರಿನಲ್ಲಿ ಹರಡಿದ ಎಣ್ಣೆಯ ಸಣ್ಣ ಸಣ್ಣ ಹನಿಗಳು. ಕಿಣ್ವ ಇರುವುದು ನೀರಿನಲ್ಲಿ, ಅದು ಮುಟ್ಟಬೇಕಾದುದು ಎಣ್ಣೆಯನ್ನು. ಎರಡೂ ಸೇರುವುದು ಗಡಿಯಲ್ಲಿ ಮಾತ್ರ. ಒಂದು ಮಿಲಿಮೀಟರ್ ಅಗಲದ ಹನಿಯನ್ನು ಅದರ ನೂರರಲ್ಲೊಂದು ಅಗಲದ ಹನಿಗಳಾಗಿ ಒಡೆದರೆ ಎಣ್ಣೆ ಅಷ್ಟೇ ಇರುತ್ತದೆ, ಗಡಿ ಮಾತ್ರ 100 ಪಟ್ಟಾಗುತ್ತದೆ.

ತೌಡಿನ ಎಣ್ಣೆ

ತೌಡಿನ ಎಣ್ಣೆಯಲ್ಲಿ ಅಂಟು ಹೆಚ್ಚು. ಹಳೆಯ ಕ್ರಮದಲ್ಲಿ ಅದನ್ನು ತೆಗೆಯಲು ಫಾಸ್ಫಾರಿಕ್ ಆಮ್ಲ, ಕಾಸ್ಟಿಕ್ ಸೋಡಾ ಬೇಕು. ಸಾಬೂನಿನೊಡನೆ ಒಳ್ಳೆಯ ಎಣ್ಣೆಯೂ ಹೋಗುತ್ತದೆ, ತೊಳೆದ ಕೊಳೆನೀರೂ ಉಳಿಯುತ್ತದೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಕಿಣ್ವದ ಕ್ರಮವನ್ನು ರೂಪಿಸಿದೆ. ಎಣ್ಣೆಗೆ ಸ್ವಲ್ಪವೇ ನೀರು ಮತ್ತು ಫಾಸ್ಫೋಲೈಪೇಸ್ ಕಿಣ್ವ ಸೇರಿಸಿ, ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಮಲ್ಷನ್ ಆಗುವಂತೆ ಕಲಕುತ್ತಾರೆ. ಕಿಣ್ವ ಅಂಟನ್ನು ಕತ್ತರಿಸುತ್ತದೆ. ಕತ್ತರಿಸಿದ ಅಂಟು ನೀರಿನ ಕಡೆ ಸರಿಯುತ್ತದೆ. ಬಳಿಕ ಯಂತ್ರದಲ್ಲಿ ತಿರುಗಿಸಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ.

ಒಡೆಯುವುದಷ್ಟೇ ಅಲ್ಲ, ಕೂಡಿಸುವುದೂ ಉಂಟು

ನೀರು ಹೆಚ್ಚಿದ್ದರೆ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆಯುತ್ತದೆ. ನೀರು ಕಡಿಮೆಯಿದ್ದು ಮದ್ಯಸಾರ ದೊರೆತರೆ ಕೊಬ್ಬಿನಾಮ್ಲವನ್ನು ಅದರೊಡನೆ ಕೂಡಿಸಿ ಎಸ್ಟರ್ ತಯಾರಿಸುತ್ತದೆ. ಇದನ್ನು ಡೀಸೆಲ್ ಎಂಜಿನಿನಲ್ಲಿ ಉರಿಸಬಹುದು. ಕಾಸ್ಟಿಕ್ ಬಳಸುವ ಕ್ರಮದಲ್ಲಿ ಹುಳಿ ಹೆಚ್ಚಿದ ಕೀಳು ಎಣ್ಣೆ ಸಾಬೂನಾಗಿ ಕೆಡುತ್ತದೆ. ಕಿಣ್ವಕ್ಕೆ ಆ ತೊಡಕಿಲ್ಲ. ಮದ್ಯಸಾರ ಬರುವುದಾದರೂ ಎಲ್ಲಿಂದ? ನಿಮ್ಮ ಕಬ್ಬಿನ ಕಾಕಂಬಿಯಿಂದಲೂ ಬರಬಹುದು.

ತೊಂದರೆಗಳೂ ಇವೆ. ಕಿಣ್ವದ ಬೆಲೆ ಹೆಚ್ಚು, ಅದನ್ನು ಮತ್ತೆ ಮತ್ತೆ ಬಳಸಿದರೆ ಮಾತ್ರ ಗಿಟ್ಟುತ್ತದೆ. ಮದ್ಯಸಾರ ಒಮ್ಮೆಲೇ ಹೆಚ್ಚಾದರೆ ಅದು ಸತ್ವಗೆಡುತ್ತದೆ. ಆದ್ದರಿಂದ ನಾಳೆಯೇ ಕಬ್ಬಿನ ದರ ಏರುವುದೆಂದು ನಾನು ಹೇಳಲಾರೆ. ಆದರೆ ಕಾಸ್ಟಿಕ್ ಮತ್ತು ಆಮ್ಲದ ಬಳಕೆ ತಗ್ಗಿದಷ್ಟೂ ಹಳ್ಳಕ್ಕೆ, ಬಾವಿಗೆ ಸೇರುವ ಕೊಳೆನೀರು ತಗ್ಗುತ್ತದೆ. ಆ ನೀರನ್ನು ಹೊಲಕ್ಕೆ ಹಾಯಿಸುವವರು ನಾವೇ ಅಲ್ಲವೇ?

ಕಾರ್ಖಾನೆಯಲ್ಲಿ ಕಿಣ್ವಕ್ಕೆ ಶಾಖ, ನೀರು, ಹೊತ್ತು ಎಲ್ಲವನ್ನೂ ಅಳೆದು ಕೊಡುತ್ತಾರೆ. ಹೊಲದಲ್ಲಿ ಬಿದ್ದ ಕಬ್ಬಿನೊಳಗೆ ಅದಕ್ಕೆ ಲಗಾಮಿಲ್ಲ, ಬಿಸಿಲು ಹೆಚ್ಚಿದಷ್ಟೂ ಅದರ ಕೆಲಸ ಚುರುಕು. ಆದುದರಿಂದ ಕಡಿತದ ಚೀಟಿ ಬಂದ ಮೇಲೆಯೇ ಕಬ್ಬು ಕಡಿಯಿರಿ, ಕಡಿದ 24 ಗಂಟೆಯೊಳಗೆ ಕಾರ್ಖಾನೆಗೆ ಸಾಗಿಸಿರಿ.