ಒಂದು ಕ್ಲಿಕ್ಕು, ಎರಡು ಕೆಲಸ

ಒಟ್ಟಾಗಿ ದುಡಿಯುವ ತಂಡಗಳು ಇಂದು ಸ್ಲ್ಯಾಕ್‌ನಂತಹ ಆ್ಯಪುಗಳ ಮೂಲಕ ಮಾತುಕತೆ ನಡೆಸುವುದುಂಟು. ಅಂತಹ ಆ್ಯಪಿನ ಪಕ್ಕದಲ್ಲಿ ಸಂಭಾಷಣೆಗಳ ಹೆಸರುಗಳನ್ನು ಸಾಲುಸಾಲಾಗಿ ತೋರಿಸುವ ಪಟ್ಟಿಯೊಂದಿರುತ್ತದೆ. ಸಾಲನ್ನು ಒತ್ತಿದರೆ ಆ ಸಂಭಾಷಣೆ ತೆರೆಯಬೇಕು. ಸಾಲಿನ ತುದಿಯಲ್ಲಿರುವ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಅದು ಪಟ್ಟಿಯಿಂದ ಮರೆಯಾಗಬೇಕು. ಆದರೆ ಇಂತಹ ಪಟ್ಟಿಯನ್ನು ಮೊದಲ ಸಲ ರಚಿಸಿದವರಿಗೆ ಒಂದು ವಿಚಿತ್ರ ದೋಷ ಎದುರಾಗುವುದುಂಟು. ಚಿಹ್ನೆಯನ್ನು ಒತ್ತಿದೊಡನೆ ಸಾಲು ಮರೆಯಾಗುತ್ತದೆ. ಜೊತೆಗೆ ಬೇಡವೆಂದ ಸಂಭಾಷಣೆಯೇ ತೆರೆದುಕೊಳ್ಳುತ್ತದೆ! ಇದಕ್ಕೆ ಕಾರಣವೇನು?

ಪುಟದ ರಚನೆಯನ್ನು ನೋಡೋಣ. ಪುಟದೊಳಗೆ ಪಟ್ಟಿ, ಪಟ್ಟಿಯೊಳಗೆ ಸಾಲು, ಸಾಲಿನೊಳಗೆ ಚಿಹ್ನೆ. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ಕ್ಲಿಕ್ಕಿನ ಸುದ್ದಿಯು ಮೊದಲು ಹೊರಗಿನ ಡಬ್ಬಿಯಿಂದ ಒಳಕ್ಕಿಳಿದು ಚಿಹ್ನೆಯನ್ನು ಮುಟ್ಟುತ್ತದೆ. ಅನಂತರ ಕೆರೆಯ ತಳದಿಂದೇಳುವ ಗುಳ್ಳೆಯಂತೆ ಮೇಲೇರುತ್ತ, ದಾರಿಯಲ್ಲಿರುವ ಪ್ರತಿಯೊಂದು ಡಬ್ಬಿಗೂ ತಿಳಿಸುತ್ತದೆ. ಡಬ್ಲ್ಯು3ಸಿ ಸಂಸ್ಥೆಯು 2000ದಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ ಈ ಇಳಿತ, ಏರಿಕೆಗಳೆರಡನ್ನೂ ವಿಧಿಸಲಾಗಿದೆ. ಸುದ್ದಿ ಮುಟ್ಟಿದಾಗ ಚಿಹ್ನೆಯು ತನ್ನ ಕೆಲಸ ಮಾಡಿತು. ಅದೇ ಸುದ್ದಿ ಮೇಲೇರಿ ಬಂದಾಗ ಸಾಲೂ ತನ್ನ ಕೆಲಸ ಮಾಡಿತು. ಎರಡೂ ಹೇಳಿದಂತೆಯೇ ನಡೆದುಕೊಂಡಿವೆ.

ಹಾಗಾದರೆ ಗುಳ್ಳೆಯನ್ನು ಚಿಹ್ನೆಯಲ್ಲಿಯೇ ತಡೆದುಬಿಡಬಹುದಲ್ಲವೆ? ತಡೆಯಬಹುದು, ಅದಕ್ಕೆ 'ಸ್ಟಾಪ್ ಪ್ರೊಪಗೇಶನ್' ಎಂಬ ಆಜ್ಞೆಯೇ ಇದೆ. ಆದರೆ ಬೇರೆಡೆ ಒತ್ತಿದಾಗ ತೆರೆದ ಮೆನುವನ್ನು ಮುಚ್ಚುವ ಹೊಣೆಯನ್ನು ಅನೇಕ ವೇಳೆ ಹೊರಗಿನ ಪುಟಕ್ಕೆ ವಹಿಸಿರುತ್ತಾರೆ. ಅದಕ್ಕೆ ಸುದ್ದಿಯೇ ತಲುಪದೆ ಮೆನು ತೆರೆದೇ ಉಳಿಯುತ್ತದೆ. ಒಂದು ದೋಷ ಹೋಗಿ ಇನ್ನೊಂದು ಬಂದಂತಾಯಿತು.

ರಚನೆಯನ್ನೇ ತಿದ್ದುವುದು ಮೇಲು. ಸಂಭಾಷಣೆಯನ್ನು ತೆರೆಯುವ ಗುಂಡಿ, ಮರೆಮಾಡುವ ಗುಂಡಿ—ಇವೆರಡನ್ನೂ ಒಂದರೊಳಗೊಂದನ್ನು ಇಡದೆ ಅಕ್ಕಪಕ್ಕದಲ್ಲಿ ಇಡಬೇಕು. ಆಗ ಒಂದರಿಂದೆದ್ದ ಗುಳ್ಳೆಯ ದಾರಿಯಲ್ಲಿ ಇನ್ನೊಂದು ಸಿಕ್ಕುವುದೇ ಇಲ್ಲ. ಗುಂಡಿಯೊಳಗೆ ಗುಂಡಿಯಿರಬಾರದೆಂದು ಎಚ್‌ಟಿಎಂಎಲ್ ನಿಯಮವೂ ಹೇಳುತ್ತದೆ. ನಿಜವಾದ ಗುಂಡಿಗಳನ್ನು ಬಳಸಿದರೆ ಮತ್ತೊಂದು ಲಾಭವುಂಟು: ಅವು ಕೀಲಿಮಣೆಯಿಂದಲೂ ಒತ್ತಲು ಬರುತ್ತವೆ. ತೆರೆಯನ್ನು ಕಾಣಲಾರದ ಅಂಧರಿಗೆ ಇದೇ ಆಧಾರ.

ಇನ್ನೊಂದು ದೋಷ ಇದಕ್ಕಿಂತ ಅಪಾಯಕರ. ಹೊಸ ಸಂದೇಶ ಬಂದಾಗ ಸಾಲುಗಳು ಸ್ಥಾನ ಬದಲಿಸುತ್ತವೆಯೆನ್ನೋಣ. ಮೌಸನ್ನು ಒಂದು ಸಾಲಿನ ಮೇಲೆ ಒತ್ತಿ, ಬಿಡುವಷ್ಟರಲ್ಲಿ ಅಲ್ಲಿಗೆ ಬೇರೆ ಸಾಲು ಬಂದಿದ್ದರೆ, ಕ್ಲಿಕ್ಕು ಎರಡಕ್ಕೂ ಸೇರದೆ ಅವೆರಡನ್ನೂ ಒಳಗೊಂಡ ಪಟ್ಟಿಗೆ ಸೇರುತ್ತದೆ, ಏನೂ ತೆರೆಯುವುದಿಲ್ಲ. ಒತ್ತುವ ಕ್ಷಣಕ್ಕೆ ಮುಂಚೆಯೇ ಸಾಲು ಸರಿದಿದ್ದರೆ ಬೇರೊಬ್ಬರ ಸಂಭಾಷಣೆ ತೆರೆಯುತ್ತದೆ. ಗಮನಿಸದೆ ಬರೆದ ಗುಟ್ಟಿನ ಮಾತು ಕಾಣಬಾರದವರ ಕಣ್ಣಿಗೆ ಬೀಳುತ್ತದೆ! ಆದ್ದರಿಂದ ಮೌಸಿನ ಬಾಣವು ಪಟ್ಟಿಯ ಮೇಲಿರುವವರೆಗೂ ಸಾಲುಗಳನ್ನು ಕದಲಿಸದಿರುವುದು ಕ್ಷೇಮ.

ಕುತೂಹಲವುಳ್ಳ ವಿದ್ಯಾರ್ಥಿಗಳು ಒಂದು ಪುಟದಲ್ಲಿ ಮೂರು ಡಬ್ಬಿಗಳನ್ನು ಒಂದರೊಳಗೊಂದು ರಚಿಸಿ, ಪ್ರತಿಯೊಂದೂ ತನ್ನ ಹೆಸರನ್ನು ಬರೆಯುವಂತೆ ಮಾಡಿ, ಒಳಗಿನದನ್ನು ಒತ್ತಿ ನೋಡಲಿ. ಗುಳ್ಳೆ ಏರಿದ ದಾರಿ ಹೆಸರುಗಳ ಕ್ರಮದಲ್ಲಿಯೇ ಕಾಣುವುದು.